ಹೃದಯಕ್ಕೂ ಅನ್ನ ಬೇಕು

ದಿನವೊಂದಕ್ಕೆ ಸುಮಾರು 1 ಲಕ್ಷ ಸಲ ಮಿಡಿದು ಸರ್ವಾಂಗಗಳಿಗೂ ರಕ್ತವನ್ನು ಕಳುಹುವ ಹೃದಯವು, ತನ್ನೊಳಗೆ ತುಂಬಿದ ರಕ್ತದಿಂದಲೇ ತಾನು ಜೀವಿಸಲಾರದು. ಅದನ್ನು ಪೋಷಿಸತಕ್ಕವು ಅದರ ಮೈಮೇಲೆ ಹಬ್ಬಿರುವ ಎರಡು ಕಿರುಧಮನಿಗಳು ಮತ್ತು ಅವುಗಳ ಕವಲುಗಳು. ಇವುಗಳ ಒಳಗೋಡೆಯಲ್ಲಿ ಕಟ್ಟಿದ ಕೊಬ್ಬು ಬಿರಿದು, ಅಲ್ಲಿ ರಕ್ತವು ಹೆಪ್ಪುಗಟ್ಟಿದರೆ ಹರಿವು ನಿಲ್ಲುವುದು. ಮುಂದಿನ ಮಾಂಸವು ಸಾಯತೊಡಗುವುದು. ಇದೇ ಹೃದಯಾಘಾತ.

1977ರಲ್ಲಿ ಜ್ಯೂರಿಕ್ ನಗರದ ವೈದ್ಯರಾದ ಆಂಡ್ರಿಯಾಸ್ ಗ್ರುಂಟ್ಜಿಗರು ನಳಿಕೆಯ ತುದಿಯಲ್ಲಿದ್ದ ಪುಟ್ಟ ಬಲೂನನ್ನು ಉಬ್ಬಿಸಿ, ಇಕ್ಕಟ್ಟಾದ ಇಂತಹ ಧಮನಿಯೊಂದನ್ನು ಅಗಲಿಸಿದರು. ಈಗ ಹೃದಯಾಘಾತಕ್ಕೂ ಈ ಚಿಕಿತ್ಸೆಯುಂಟು. ಆದರೆ ಸತ್ತ ಮಾಂಸವನ್ನು ಯಾವ ಚಿಕಿತ್ಸೆಯೂ ಬದುಕಿಸಲಾರದು. ಆದಕಾರಣ ಎದೆಯನ್ನು ಅದುಮಿದಂತಹ ನೋವು ತೋಳಿಗೋ ದವಡೆಗೋ ಹಬ್ಬಿ ಬೆವರು ಸುರಿದರೆ, ವಾಯುವೆಂದು ಬಗೆದು ಕಷಾಯ ಕಾಯಿಸುತ್ತ ಕೂಡಬಾರದು. ಗಳಿಗೆಯೂ ತಡೆಯದೆ ಆಸ್ಪತ್ರೆಯನ್ನು ಸೇರತಕ್ಕದ್ದು.