ಕಾವ್ಯಕ್ಕೆ ಹಾರ, ಮಾತಿಗೆ ಕೆಂಪು ಇಂಕು!

ಮಂಟೇಸ್ವಾಮಿ ಕಾವ್ಯ ಅಂದ್ರೆ ನಮ್ಮ ಮಂಡ್ಯ ಕಡೆ ಕನ್ನಡ ಮೇಷ್ಟ್ರುಗಳಿಗೆ ಭಾರೀ ಹೆಮ್ಮೆ. ನವೆಂಬರ್ ಬಂದ್ರೆ ಭಾಷಣ ಬೇರೆ. ಹೆಮ್ಮೆ ಪಡ್ಲಿ ಸ್ವಾಮಿ, ಬೇಡ ಅಂದೋರ್ಯಾರು? ಆದ್ರೆ ಅದನ್ನ ಪಾಠ ಮಾಡೋ ರೀತಿ ನೋಡಿದ್ರೆ ಮೈ ಉರಿಯುತ್ತೆ.

ಕಾವ್ಯದ ಊರುಗಳನ್ನೇ ನೋಡಿ. ಸಿದ್ದಪ್ಪಾಜಿ ಹುಟ್ಟಿದ್ದು ಮದ್ದೂರು ತಾಲ್ಲೂಕಿನ ನಿಡಘಟ್ಟದಲ್ಲಿ. ಕಬ್ಬಿಣದ ಭಿಕ್ಷೆಗೆ ಹೋಗಿ ಪಾಂಚಾಳರ ಕೈಲಿ ಚಿತ್ರಹಿಂಸೆ ತಿಂದಿದ್ದು ಮಳವಳ್ಳಿ ತಾಲ್ಲೂಕಿನ ಹಲಗೂರಲ್ಲಿ. ಮಂಟೇಸ್ವಾಮಿ ಗದ್ದುಗೆ ಇರೋದು ಅದೇ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ. ಇದನ್ನೆಲ್ಲ ತಂಬೂರಿ, ದಮ್ಮಡಿ, ಗಗ್ಗರ ಹಿಡ್ಕೊಂಡು ರಾತ್ರಿಯಿಡೀ ಹಾಡಿ ಉಳಿಸಿದೋರು ನೀಲಗಾರರು. ಅವರಲ್ಲಿ ಹೆಚ್ಚಿನೋರು ದಲಿತರು. ಹಿ.ಚಿ. ಬೋರಲಿಂಗಯ್ಯನವರ ಸಂಪಾದಕತ್ವದಲ್ಲಿ ಹಂಪಿ ಕನ್ನಡ ವಿಶ್ವವಿದ್ಯಾಲಯ ಪುಸ್ತಕಾನೂ ತಂತು.

ಕ್ಲಾಸಲ್ಲಿ ಏನಾಗುತ್ತೆ? ‘ಜಾನಪದ’ ಅನ್ನೋ ಡಬ್ಬಿಗೆ ಹಾಕಿ, ಎರಡು ಮಾರ್ಕಿನ ಪ್ರಶ್ನೆ ಮಾಡಿ ಮುಗಿಸ್ತಾರೆ. ಪಂಪನಿಗೆ ಛಂದಸ್ಸು, ಅಲಂಕಾರ, ವಿಮರ್ಶೆ ಎಲ್ಲಾ ಇದೆ. ನೀಲಗಾರನಿಗೆ ‘ಮುಗ್ಧ’ ಅನ್ನೋ ಸರ್ಟಿಫಿಕೇಟು! ಅದೇ ಊರಿನ ಹುಡುಗ ‘ಹಲಗೂರು’ ಬದಲು ‘ಅಲಗೂರು’ ಅಂದ್ರೆ ಇಡೀ ಕ್ಲಾಸು ನಗುತ್ತೆ, ನೋಟ್ಸ್ ಮೇಲೆ ಕೆಂಪು ಇಂಕು. ಅಲ್ಲ ಸ್ವಾಮಿ, ಆ ಮಾತಲ್ಲೇ ಅಲ್ವಾ ಮಹಾಕಾವ್ಯ ಹುಟ್ಟಿದ್ದು?

ಇಂಥದ್ದೇ ದೊಡ್ಡ ಮಟ್ಟದಲ್ಲಿ ನೋಡ್ಬೇಕಾ? ಚೀನಾದಲ್ಲಿ ಮಂಗೋಲರ ‘ಜಂಗರ್’ ಅನ್ನ ದೇಶದ ಅಲ್ಪಸಂಖ್ಯಾತ ಜನಾಂಗಗಳ ಮೂರು ಮಹಾಕಾವ್ಯಗಳಲ್ಲಿ ಒಂದು ಅಂತ ಮೆರೆಸ್ತಾರೆ. ಅದೇ ಸರ್ಕಾರ 2020ರ ಸೆಪ್ಟೆಂಬರಿಂದ ಒಳ ಮಂಗೋಲಿಯಾದ ಮಂಗೋಲ್ ಮಾಧ್ಯಮದ ಶಾಲೆಗಳಲ್ಲಿ ಸಾಹಿತ್ಯ, ರಾಜಕೀಯ, ಇತಿಹಾಸ ಪಾಠಗಳನ್ನ ಹಂತಹಂತವಾಗಿ ಚೀನೀ ಭಾಷೆಗೆ ಬದಲಾಯಿಸ್ತು. ಅಪ್ಪ ಅಮ್ಮಂದಿರು ಮಕ್ಕಳನ್ನ ಶಾಲೆಗೆ ಕಳಿಸದೆ ಪ್ರತಿಭಟಿಸಿದ್ರು. ಅಲ್ಲಿ ಸರ್ಕಾರದ ಆದೇಶ ಬೇಕಾಯ್ತು. ನಮ್ಮಲ್ಲಿ ಅದೂ ಬೇಡ, ಒಂದು ನಗು ಸಾಕು.

‘ಶಿಷ್ಟ ಕನ್ನಡ ಕಲೀದಿದ್ರೆ ಮಕ್ಕಳು ಉದ್ಧಾರ ಆಗ್ತಾರಾ?’ ಅಂತ ಕೇಳ್ತೀರಿ. ಕಲೀಲಿ, ಖಂಡಿತ ಕಲೀಲಿ. ಒಂದು ಭಾಷೆ ಕಲಿಯೋಕೆ ಇನ್ನೊಂದಕ್ಕೆ ನಾಚ್ಕೋಬೇಕು ಅಂತ ಯಾವ ವ್ಯಾಕರಣದಲ್ಲಿದೆ?

ನಾನು ಕೇಳೋದು ಇಷ್ಟೇ. ವರ್ಷಕ್ಕೆ ನಾಲ್ಕು ದಿನ ನೀಲಗಾರರನ್ನ ಕ್ಲಾಸಿಗೆ ಕರೀರಿ. ಸ್ಟೇಜ್ ಐಟಂ ಅಂತ ಅಲ್ಲ, ಪಾಠ ಮಾಡೋಕೆ. ಶಾಲು ಹೊದಿಸಿ ಕಳಿಸ್ಬೇಡಿ, ಉಪನ್ಯಾಸಕರಿಗೆ ಕೊಡೋಷ್ಟೇ ಸಂಭಾವನೆ ಕೊಡಿ. ಕೇಳಿದ್ದನ್ನ ಮಕ್ಕಳು ತಮ್ಮ ಮನೆ ಮಾತಲ್ಲೇ ಬರೀಲಿ, ಅದಕ್ಕೂ ಮಾರ್ಕ್ಸ್ ಕೊಡಿ.

ಇಷ್ಟೂ ಆಗಲ್ಲ ಅಂದ್ರೆ ಆ ನವೆಂಬರ್ ಭಾಷಣಾನಾದ್ರೂ ನಿಲ್ಸಿ, ಪುಣ್ಯ ಬರುತ್ತೆ.

ನಿಮ್ಮ ಕಡೆ ಶಾಲೆಗಳಲ್ಲಿ ಹೇಗೆ? ಏನಂತೀರಿ?