ಅಪರೂಪದ ಜಪಾನಿ ಕಾರು: ಸರಿಯಾದ ಬೆಲೆ ಯಾವುದು?

ಅಡಿಕೆ, ಹತ್ತಿ, ಉಕ್ಕು ಮೊದಲಾದ ಸರಕುಗಳಿಗೆ ಪ್ರತಿದಿನದ ಪೇಟೆ ಧಾರಣೆ ಇರುತ್ತದೆ. ಮಾರುವವರೂ ಕೊಳ್ಳುವವರೂ ಅದನ್ನು ನೋಡಿಕೊಂಡೇ ಮಾತಿಗೆ ಇಳಿಯುತ್ತಾರೆ. ವರ್ಷಕ್ಕೆ ಕೆಲವೇ ಬಾರಿ ಕೈಬದಲಾಗುವ ಸರಕಿಗೆ ಇಂಥ ಆಸರೆ ಇಲ್ಲ. 1960 ಮತ್ತು 70ರ ದಶಕಗಳಲ್ಲಿ ಜಪಾನಿನಲ್ಲಿ ಅಲ್ಪಸಂಖ್ಯೆಯಲ್ಲಿ ತಯಾರಾಗಿ, ಇಂದು ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾಗಳ ಸಂಗ್ರಾಹಕರು ಆಮದು ಮಾಡಿಕೊಳ್ಳುವ ಕಾರುಗಳು ಈ ವರ್ಗಕ್ಕೆ ಸೇರಿವೆ. ಅವುಗಳಿಗೆ ಬೆಲೆ ಕಟ್ಟುವಾಗ 'ಅಪರೂಪ' ಎಂಬ ಒಂದೇ ಮಾತು ಉಳಿದೆಲ್ಲ ಲೆಕ್ಕಗಳನ್ನು ಮರೆಸಿಬಿಡುವುದುಂಟು. ಅಪರೂಪತೆ ಬೆಲೆಯನ್ನು ಏರಿಸಬಲ್ಲದು. ಏರಿದ ಬೆಲೆಯನ್ನು ಉಳಿಸುವ ಶಕ್ತಿ ಇರುವುದು ಪುರಾವೆಗೆ ಮಾತ್ರ.

ಒಂದು ಹರಾಜು ಧಾರಣೆಯಾಗದು

ಟೊಯೊಟಾ 2000ಜಿಟಿ ಇದಕ್ಕೆ ಉತ್ತಮ ನಿದರ್ಶನ. ಯಮಹಾ ಸಂಸ್ಥೆಯ ಸಹಯೋಗದಲ್ಲಿ 1967ರಿಂದ 1970ರವರೆಗೆ ತಯಾರಾದ ಈ ಕಾರುಗಳ ಸಂಖ್ಯೆ ಸುಮಾರು 350. 2013ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ನಡೆದ ಹರಾಜಿನಲ್ಲಿ ಇಂಥ ಒಂದು ಕಾರು 11,55,000 ಡಾಲರಿಗೆ ಮಾರಾಟವಾಯಿತು. 2022ರಲ್ಲಿ ಫ್ಲಾರಿಡಾದ ಅಮೇಲಿಯಾ ದ್ವೀಪದ ಹರಾಜಿನಲ್ಲಿ ಮತ್ತೊಂದು ಕಾರಿಗೆ 25,35,000 ಡಾಲರ್ ಬಂದಿತು. ಒಂಬತ್ತು ವರ್ಷಗಳಲ್ಲಿ ಬೆಲೆ ಇಮ್ಮಡಿಗಿಂತ ಹೆಚ್ಚಾಯಿತೆಂದು ಮೇಲ್ನೋಟಕ್ಕೆ ತೋರುತ್ತದೆ. ಆದರೆ ಎರಡನೆಯ ಕಾರು ಕ್ಯಾರಲ್ ಶೆಲ್ಬಿಯವರ ತಂಡ 1968ರಲ್ಲಿ ಅಮೆರಿಕದ ಪಂದ್ಯಗಳಿಗೆ ಇಳಿಸಿದ್ದ ಕಾರು. ಅದರ ಚಾಸಿಸ್ ಸಂಖ್ಯೆ ಎಂಎಫ್10-10001. ಹೆಚ್ಚುವರಿ ಹಣ ಸಂದದ್ದು ಆ ಚರಿತ್ರೆಗೆ. ಆ ಅಂಕಿಯನ್ನು ಹಿಡಿದು ಸಾಮಾನ್ಯ 2000ಜಿಟಿಯೊಂದಕ್ಕೆ ಬೆಲೆ ಹೇಳುವ ದಲ್ಲಾಳಿಯ ಮಾತಿಗೆ ಆಧಾರವಿಲ್ಲ.

ಪ್ರಕಟವಾಗುವ ಹರಾಜು ಮೊತ್ತಗಳಲ್ಲಿ ಸಾಮಾನ್ಯವಾಗಿ ಕೊಳ್ಳುವವರು ಹರಾಜು ಸಂಸ್ಥೆಗೆ ತೆರುವ ಶುಲ್ಕವೂ ಸೇರಿರುತ್ತದೆ. ಮಾರಿದವರ ಕೈಗೆ ಬರುವ ಹಣ ಅದಕ್ಕಿಂತ ಕಡಿಮೆ. ಜಾಹೀರಾತಿನಲ್ಲಿ ಕೇಳುವ ಬೆಲೆಯಂತೂ ಮಾರುವವರ ಆಸೆಯನ್ನಷ್ಟೇ ತಿಳಿಸುತ್ತದೆ. ಆದ್ದರಿಂದ ಕಳೆದ ಎರಡು ಮೂರು ವರ್ಷಗಳಲ್ಲಿ ಪೂರ್ಣಗೊಂಡ ಹಲವು ಮಾರಾಟಗಳನ್ನು ಒಟ್ಟಿಗೆ ಇರಿಸಿ, ಸ್ಥಿತಿ ಮತ್ತು ಚರಿತ್ರೆಯ ವ್ಯತ್ಯಾಸಗಳನ್ನು ಕಳೆದು ಕೂಡಿದಾಗಲೇ ಒಂದು ಅಂದಾಜು ಹೊರಡುತ್ತದೆ.

ಒಂದಕ್ಷರದ ಮೌಲ್ಯ

ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್ ಪುರಾವೆಯ ಮಹತ್ವವನ್ನು ಇನ್ನೂ ಸ್ಪಷ್ಟವಾಗಿ ತೋರಿಸುತ್ತದೆ. 1969ರಲ್ಲಿ ನಾಲ್ಕು ಬಾಗಿಲಿನ ರೂಪದಲ್ಲಿ, 1970ರಲ್ಲಿ ಎರಡು ಬಾಗಿಲಿನ ರೂಪದಲ್ಲಿ ಬಂದ ಈ ಕಾರುಗಳ ಒಟ್ಟು ಸಂಖ್ಯೆ ಸುಮಾರು 2,000. ಪೆಟ್ಟಿಗೆಯಂಥ ಆಕಾರದಿಂದಾಗಿ ಜಪಾನೀಯರು ಅದನ್ನು 'ಹಾಕೊಸುಕಾ' ಎಂದು ಕರೆದರು. ಅದರ ಜೀವಾಳ ಎಸ್20 ಎಂಬ ಎಂಜಿನ್: ಎರಡು ಲೀಟರ್, ಆರು ಸಿಲಿಂಡರ್, 24 ಕವಾಟ, 160 ಅಶ್ವಶಕ್ತಿ. ಅದೇ ದೇಹದ ಸಾಮಾನ್ಯ ಸ್ಕೈಲೈನ್ ಜಿಟಿಗಳು ಇದಕ್ಕಿಂತ ಸರಳವಾದ ಎಂಜಿನ್ ಹೊತ್ತು ಬಹುಸಂಖ್ಯೆಯಲ್ಲಿ ಮಾರಾಟವಾದವು.

ಸಾಮಾನ್ಯ ಜಿಟಿಗೆ ಜಿಟಿ-ಆರ್ ಲಾಂಛನ ಅಂಟಿಸಿ, ಹಿಂಚಕ್ರಗಳ ಮೇಲೆ ಅಗಲವಾದ ಕಮಾನು ಕೂಡಿಸಿದರೆ ದೂರದಿಂದ ಭೇದ ತಿಳಿಯದು. ಜಪಾನಿನ ವರ್ತಕರು ಇಂಥ ಕಾರನ್ನು 'ಜಿಟಿ-ಆರ್ ಶಿಯೊ', ಅಂದರೆ ಜಿಟಿ-ಆರ್ ಮಾದರಿಯಲ್ಲಿ ಸಜ್ಜುಗೊಳಿಸಿದ್ದು ಎಂದು ನಮೂದಿಸುತ್ತಾರೆ. ಮಾಲು ಎರಡು ಮೂರು ಕೈ ದಾಟುವಷ್ಟರಲ್ಲಿ ಆ ಒಂದು ಪದ ಅನುವಾದದಲ್ಲಿ ಉದುರಿಹೋದರೆ ನಷ್ಟ ಕೊನೆಯ ಗಿರಾಕಿಯದು. ತಿಳಿಯುವ ದಾರಿ ಚಾಸಿಸ್ ಫಲಕದಲ್ಲಿದೆ. ಎರಡು ಬಾಗಿಲಿನ ಅಸಲು ಜಿಟಿ-ಆರ್‌ನ ಸಂಕೇತ ಕೆಪಿಜಿಸಿ10. ಸಾಮಾನ್ಯ ಜಿಟಿಯದು ಕೆಜಿಸಿ10. ನಡುವಿನ 'ಪಿ' ಎಂಬ ಒಂದಕ್ಷರವೇ ಬೆಲೆಯನ್ನು ಹಲವು ಪಟ್ಟು ಹೆಚ್ಚಿಸುತ್ತದೆ. ಫಲಕವನ್ನೂ ಬದಲಿಸಬಹುದಾದ್ದರಿಂದ, ದೇಹದ ಲೋಹದ ಮೇಲೆ ಕೊರೆದ ಸಂಖ್ಯೆ ಜಪಾನ್ ಸರ್ಕಾರದ ರಫ್ತು ಪ್ರಮಾಣಪತ್ರದಲ್ಲಿರುವ ಸಂಖ್ಯೆಯೊಡನೆ ತಾಳೆಯಾಗುವುದೇ ಎಂದು ನೋಡುವುದು ಅಗತ್ಯ.

ಜಪಾನಿನ ಹರಾಜು ಕೇಂದ್ರಗಳು ಪ್ರತಿ ವಾಹನಕ್ಕೂ ಪರಿಶೀಲನಾ ಹಾಳೆ ಸಿದ್ಧಪಡಿಸುವುದು ಕೊಳ್ಳುವವರಿಗೆ ದೊಡ್ಡ ಅನುಕೂಲ. ಅದರಲ್ಲಿ ಒಟ್ಟಾರೆ ಶ್ರೇಣಿಯ ಅಂಕಿ ಇರುತ್ತದೆ. ಅಪಘಾತದ ನಂತರ ದುರಸ್ತಿಯಾದ ವಾಹನಕ್ಕೆ 'ಆರ್' ಗುರುತು ಬೀಳುತ್ತದೆ. ಗೀರು, ತಗ್ಗು, ತುಕ್ಕುಗಳನ್ನು ಕಾರಿನ ನಕಾಶೆಯ ಮೇಲೆ ಗುರುತಿಸಲಾಗಿರುತ್ತದೆ. ಮೂಲ ಹಾಳೆಯನ್ನು ತೋರಿಸಲು ಹಿಂಜರಿಯುವ ಮಾರಾಟಗಾರನಿಗೆ ಪೂರ್ಣ ಬೆಲೆ ಕೊಡಲು ಕಾರಣವಿಲ್ಲ.

ಕಾನೂನು ಮತ್ತು ವಿನಿಮಯ ದರ

ಬೆಲೆಯ ಕೆಲವು ಕಾರಣಗಳು ಕಾರಿನ ಹೊರಗೇ ಇರುತ್ತವೆ. ಅಮೆರಿಕದಲ್ಲಿ 25 ವರ್ಷ ತುಂಬಿದ ವಾಹನಕ್ಕೆ ಅಲ್ಲಿನ ಸುರಕ್ಷತಾ ಮಾನಕಗಳಿಂದ ವಿನಾಯಿತಿ ಇದೆ. 1989ರ ಆರ್32 ಜಿಟಿ-ಆರ್ 2014ರಲ್ಲಿ, 1999ರ ಆರ್34 ಜಿಟಿ-ಆರ್ 2024ರಲ್ಲಿ ಈ ಗಡಿ ದಾಟಿದವು. ಆರ್32 ಸುಮಾರು 44,000ದಷ್ಟು ತಯಾರಾದ ಕಾರು, ಅದನ್ನು ಅಪರೂಪವೆನ್ನಲಾಗದು. ಆದರೂ ಒಂದು ದೊಡ್ಡ ದೇಶದ ಬಾಗಿಲು ತೆರೆದದ್ದರಿಂದ ಬೇಡಿಕೆ ಏರಿತು. ಇಂಥ ಏರಿಕೆಯನ್ನು ಮುಂದೆಯೂ ಅದೇ ವೇಗದಲ್ಲಿ ನಡೆಯುವುದೆಂದು ಭಾವಿಸಿ ಹಣ ಹೂಡುವುದು ಅಪಾಯಕರ. ಬಾಗಿಲು ತೆರೆಯುವುದು ಒಮ್ಮೆ ಮಾತ್ರ.

ಯೆನ್ ದರದ ಪಾತ್ರವೂ ಕಡಿಮೆಯದಲ್ಲ. 2012ರಲ್ಲಿ ಡಾಲರಿಗೆ ಸುಮಾರು 80 ಯೆನ್ ಇತ್ತು. 2024ರ ಜುಲೈ ಆರಂಭದಲ್ಲಿ ಅದು 160 ದಾಟಿತ್ತು. ಜಪಾನಿನಲ್ಲಿ ಒಂದು ಕೋಟಿ ಯೆನ್ ಬೆಲೆಯ ಕಾರು ಮೊದಲನೆಯ ದರದಲ್ಲಿ 1,25,000 ಡಾಲರ್, ಎರಡನೆಯದರಲ್ಲಿ 62,500 ಡಾಲರ್. ಹೀಗಿರುವಾಗ ವರ್ಷಗಳ ಹಿಂದಿನ ಡಾಲರ್ ಅಂಕಿಯನ್ನು ಇಂದಿನ ಯೆನ್ ಅಂಕಿಯೊಡನೆ ನೇರವಾಗಿ ಹೋಲಿಸುವುದು ವ್ಯರ್ಥ.

ಬಾಗಿಲಿಗೆ ಬಂದ ಬೆಲೆ

ಟೋಕಿಯೊದಲ್ಲಿ ಕೊಟ್ಟ ಹಣದ ಮೇಲೆ ದಲ್ಲಾಳಿ ಕಮಿಷನ್, ಬಂದರಿನವರೆಗಿನ ಸಾಗಣೆ, ಹಡಗು ಬಾಡಿಗೆ, ವಿಮೆ, ಆಯಾ ದೇಶದ ಸುಂಕ, ನೋಂದಣಿ ಹಾಗೂ ಮೊದಲ ದುರಸ್ತಿಯ ವೆಚ್ಚ ಸೇರಿದಾಗಲೇ ಬಾಗಿಲಿಗೆ ಬಂದ ಬೆಲೆ ತಿಳಿಯುವುದು. ಬಿಡಿಭಾಗಗಳ ಲಭ್ಯತೆಯನ್ನೂ ಗಣನೆಗೆ ತರಬೇಕು. ಟೊಯೊಟಾ 2020ರಲ್ಲಿ 2000ಜಿಟಿಯ ಕೆಲವು ಬಿಡಿಭಾಗಗಳನ್ನು ಮರುತಯಾರಿಸಲು ಆರಂಭಿಸಿತು. ನಿಸ್ಸಾನ್ 2017ರಲ್ಲಿಯೇ ಆರ್32ಕ್ಕಾಗಿ ಇಂಥ ಯೋಜನೆ ತಂದಿತ್ತು. ತಯಾರಕರ ಬೆಂಬಲವಿರುವ ಕಾರಿಗೆ ತುಸು ಹೆಚ್ಚು ಕೊಡುವುದು ದುಂದಲ್ಲ.

ಕೊಳ್ಳುವವರ ಮನಸ್ಸಿಗೆ ಒಪ್ಪಿದ್ದೇ ಬೆಲೆ, ಇದರಲ್ಲಿ ನ್ಯಾಯ ಅನ್ಯಾಯಗಳ ಮಾತೇಕೆ ಎಂದು ವಾದಿಸುವವರಿದ್ದಾರೆ. ಅಭಿರುಚಿಗಾಗಿ ಹಣ ಕೊಡುವುದು ತಪ್ಪಲ್ಲ. ಆದರೆ ಅಭಿರುಚಿಗೆ ಎಷ್ಟು, ಸರಕಿಗೆ ಎಷ್ಟು ಎಂಬುದನ್ನು ಬೇರೆ ಬೇರೆ ಬರೆದಿಡದಿದ್ದರೆ, ಮಾರುವ ದಿನ ಬಂದಾಗ ಅದು ನಷ್ಟವಾಗಿ ಎದುರಾಗುತ್ತದೆ.

ಬಳಸಿದ ಜಪಾನಿ ಲೇತು, ಮಿಲ್ಲಿಂಗ್ ಯಂತ್ರಗಳನ್ನು ತರಿಸಿಕೊಳ್ಳುವ ಸಣ್ಣ ಕೈಗಾರಿಕೋದ್ಯಮಿಗಳಿಗೆ ಈ ಲೆಕ್ಕ ಹೊಸದೇನಲ್ಲ. ತಯಾರಿಕೆಯ ವರ್ಷ, ಕ್ರಮಸಂಖ್ಯೆ, ಸವೆತ, ಬಿಡಿಭಾಗ, ಸುಂಕ ಎಲ್ಲವನ್ನೂ ನೋಡಿದ ಮೇಲೆಯೇ ಅವರು ಮುಂಗಡ ಕಳುಹಿಸುತ್ತಾರೆ. ಹತ್ತು ಪಟ್ಟು ಬೆಲೆಯ ಕಾರಿನ ಮುಂದೆ ನಿಂತಾಗಲೂ ಅದೇ ಶಿಸ್ತು ಇರಬೇಕು. ದಾಖಲೆ ಪೂರ್ಣವಾಗಿದ್ದರೆ ಪೂರ್ಣ ಬೆಲೆ. ದಾಖಲೆ ಎಲ್ಲಿ ನಿಲ್ಲುತ್ತದೆಯೋ ಬೆಲೆಯೂ ಅಲ್ಲಿಯೇ ನಿಲ್ಲಬೇಕು.