ರಸ್ತೆ ಅಂಚಿಗೆ ಮಣ್ಣು ಹಾಕಿಸುತ್ತೇನೆ ಅಂದಿದ್ದಿರಿ

ಮಾನ್ಯರೇ,

ತಮ್ಮ ಹೆಸರನ್ನಾಗಲಿ ಹುದ್ದೆಯನ್ನಾಗಲಿ ಇಲ್ಲಿ ಬರೆಯುತ್ತಿಲ್ಲ. ಮಾತು ಕೊಟ್ಟವರು ಯಾರೆಂದು ತಮಗೆ ಗೊತ್ತು, ಆ ದಿನ ಸಭೆಯಲ್ಲಿ ಕೂತಿದ್ದ ಊರವರಿಗೂ ಗೊತ್ತು. ಅರ್ಜಿ ಕೊಟ್ಟು ಸೀಲು ಹಾಕಿಸಿಕೊಂಡದ್ದಾಯಿತು. ಕುಂದುಕೊರತೆ ಸಭೆಯಲ್ಲಿ ಎದ್ದು ನಿಂತು ಹೇಳಿದ್ದಾಯಿತು. ಫೋಟೊ ತೆಗೆದು ವಾಟ್ಸ್‌ಆ್ಯಪ್‌ಗೆ ಕಳಿಸಿದ್ದಾಯಿತು. ತಾವು ನೋಡಿದ್ದೀರಿ ಎಂದು ಫೋನೇ ತೋರಿಸಿತು, ಉತ್ತರ ಮಾತ್ರ ಬರಲಿಲ್ಲ. ಇಬ್ಬರ ನಡುವೆ ಮುಗಿಯಬೇಕಿದ್ದ ಮಾತನ್ನು ಇವತ್ತು ಎಲ್ಲರ ಮುಂದೆ ಇಡಬೇಕಾಗಿ ಬಂದದ್ದು ಅದಕ್ಕೇ.

ರಸ್ತೆ ಯಾವುದೆಂದು ವಿವರಿಸಬೇಕಿಲ್ಲ. ಪಾಂಡವಪುರದ ಕಡೆಯಿಂದ ಗದ್ದೆ ಬಯಲಲ್ಲಿ ನಾಲೆಯ ಜೊತೆಜೊತೆಗೇ ಹೋಗುವ ನಮ್ಮ ರಸ್ತೆ. ಹಳೇ ಡಾಂಬರಿನ ಮೇಲೆಯೇ ಹೊಸ ಡಾಂಬರು ಬಿತ್ತು, ರಸ್ತೆ ಮೇಲೆದ್ದಿತು, ಪಕ್ಕದ ಮಣ್ಣು ಇದ್ದಲ್ಲೇ ಉಳಿಯಿತು. ಈಗ ಡಾಂಬರಿನ ತುದಿಯಿಂದ ನೆಲಕ್ಕೆ ಒಂದು ಗೇಣು ಇಳಿಜಾರಿಲ್ಲದ ನೇರ ಇಳಿತ. ಕಾರಿನ ಚಕ್ರ ಇಳಿದರೆ ಒಂದು ಕುಲುಕು, ಅಷ್ಟೇ. ಸೈಕಲ್ಲಿನ ಚಕ್ರ ಇಳಿದರೆ ಮತ್ತೆ ಹತ್ತುವುದಿಲ್ಲ. ಟೈರು ಆ ಅಂಚನ್ನು ಉಜ್ಜಿಕೊಂಡು ಜಾರುತ್ತದೆ, ಹ್ಯಾಂಡಲ್ ತಿರುಚಿಕೊಳ್ಳುತ್ತದೆ, ತುಳಿಯುವವನು ಬೀಳುವುದು ಮಣ್ಣಿಗಲ್ಲ, ವಾಹನ ಬರುವ ರಸ್ತೆಯ ಕಡೆಗೇ. ಇದನ್ನು ತಮಗೆ ಸಭೆಯಲ್ಲಿ ಹೇಳಿದೆವು. ತಾವು ತಲೆಯಾಡಿಸಿ, "ಕಬ್ಬಿನ ಸೀಸನ್ ಶುರುವಾಗೋದ್ರೊಳಗೆ ಎರಡೂ ಕಡೆ ಗ್ರಾವೆಲ್ ತುಂಬಿಸಿ ರೋಲರ್ ಹೊಡೆಸ್ತೀನಿ, ಬಿಳಿ ಪಟ್ಟೆನೂ ಎಳೆಸ್ತೀನಿ" ಅಂದಿರಿ. ಪಕ್ಕದಲ್ಲಿದ್ದವರು ಬರೆದುಕೊಂಡರು. ನಾವು ಕೈ ಮುಗಿದು ಎದ್ದು ಬಂದೆವು.

ಸೀಸನ್ ಶುರುವಾಯಿತು. ಗ್ರಾವೆಲ್ ಬರಲಿಲ್ಲ.

ನಮ್ಮ ಜೊತೆ ತುಳಿಯುವ ನಿವೃತ್ತ ಮೇಷ್ಟ್ರೊಬ್ಬರು ಬೆಳಕು ಹರಿಯುವ ಹೊತ್ತಿನಲ್ಲಿ ಆ ಅಂಚಿನಲ್ಲಿ ಬಿದ್ದರು. ಎರಡು ಟ್ರೈಲರ್ ಕಟ್ಟಿಕೊಂಡು, ಎರಡೂ ಕಡೆ ಕಬ್ಬು ಚಾಚಿಸಿಕೊಂಡು ಬಂದ ಟ್ರ್ಯಾಕ್ಟರ್‌ಗೆ ದಾರಿ ಬಿಡಲು ಎಡಕ್ಕೆ ಸರಿದರು. ಸರಿಯಲು ಜಾಗ ಇರಲಿಲ್ಲ. ಹೆಗಲಿನ ಮೂಳೆ ಮುರಿಯಿತು. ಹಿಂದೆ ಬರುತ್ತಿದ್ದ ಬೈಕಿನ ಹುಡುಗ ಸಮಯಕ್ಕೆ ಬ್ರೇಕ್ ಹಿಡಿದ, ಇಲ್ಲದಿದ್ದರೆ ಈ ಪತ್ರದ ಬದಲು ಶ್ರದ್ಧಾಂಜಲಿ ಬರೆಯಬೇಕಿತ್ತು. ಅದೇ ವಾರ ತಮ್ಮ ಕೊಠಡಿಗೆ ಬಂದು ಕೇಳಿದಾಗ ತಾವು ಹೇಳಿದ್ದು: "ಬೆಳಿಗ್ಗೆ ಎದ್ದು ಶೋಕಿಗೆ ಸೈಕಲ್ ತುಳಿಯೋರಿಗೆಲ್ಲ ಸರ್ಕಾರ ರಸ್ತೆ ಮಾಡಿಕೊಡೋಕಾಗುತ್ತೇನ್ರೀ?"

ಮೂಳೆ ಕೂಡಿಕೊಳ್ಳುತ್ತಿದೆ. ಆ ಮಾತು ಮಾತ್ರ ನಮ್ಮೊಳಗೆ ಹಾಗೇ ಉಳಿದಿದೆ.

ನಾವು ಏಕೆ ತುಳಿಯುತ್ತೇವೆ ಎಂದು ತಾವು ಕೇಳಲಿಲ್ಲ. ಆದರೂ ಹೇಳುತ್ತೇನೆ. ಕಾರ್ತಿಕದ ಚಳಿಯಲ್ಲಿ ತೊಣ್ಣೂರು ಕೆರೆಯ ಏರಿ ಮೇಲೆ ಸೈಕಲ್ ನಿಲ್ಲಿಸಿ ನೀರಿನ ಮೇಲಿನ ಮಂಜು ಏಳುವುದನ್ನು ನೋಡುವುದಕ್ಕೆ. ಕುಂತಿಬೆಟ್ಟದ ಎರಡು ಬಂಡೆಗಳ ಮೇಲೆ ಮೊದಲ ಬಿಸಿಲು ಬೀಳುವಾಗ ಅದರ ಕೆಳಗೆ ಹಾದು ಹೋಗುವುದಕ್ಕೆ. ಆಲೆಮನೆ ಹೊಗೆಯ ಜೊತೆ ಬೆಲ್ಲದ ವಾಸನೆ ರಸ್ತೆಗೆ ಬಂದಾಗ ಪೆಡಲ್ ನಿಧಾನ ಮಾಡುವುದಕ್ಕೆ. ಕೆ.ಆರ್. ಪೇಟೆ ಕಡೆ ಹೋದರೆ ಹೊಸಹೊಳಲಿನ ಲಕ್ಷ್ಮೀನಾರಾಯಣ, ಗೋವಿಂದನಹಳ್ಳಿಯ ಪಂಚಲಿಂಗೇಶ್ವರ, ಕಿಕ್ಕೇರಿಯ ಬ್ರಹ್ಮೇಶ್ವರ, ಒಂದೇ ಬೆಳಗಿನಲ್ಲಿ ಮೂರು ಹೊಯ್ಸಳ ಗುಡಿಗಳು ಸಿಗುತ್ತವೆ. ನಾಗಮಂಗಲದ ಕಡೆ ಹೊರಟರೆ ನೀರಾವರಿಯ ಹಸಿರು ಮುಗಿದು ರಾಗಿ, ಹುರುಳಿಯ ಕೆಂಪು ಹೊಲಗಳು ಶುರುವಾಗುತ್ತವೆ. ಏರು ರಸ್ತೆಯಲ್ಲಿ ಉಸಿರು ಕಟ್ಟುತ್ತದೆ, ಕಂಬದಹಳ್ಳಿಯ ಮಾನಸ್ತಂಭ ದೂರದಿಂದ ಕಂಡಾಗ ದಣಿವು ಇಳಿಯುತ್ತದೆ. ಶ್ರೀರಂಗಪಟ್ಟಣದ ಸಂಗಮ, ಕರಿಘಟ್ಟ, ರಂಗನತಿಟ್ಟಿನ ದಾರಿಯಲ್ಲಿ ಭಾನುವಾರ ಮೈಸೂರಿನ ಸೈಕಲ್ ಸವಾರರೂ ಸಿಗುತ್ತಾರೆ. ಸಕ್ಕರೆ ಕಾಯಿಲೆ ಬಂದವರು, ಮಂಡಿ ನೋವಿಗೆ ವೈದ್ಯರು ತುಳಿಯಿರಿ ಎಂದವರು, ಮನೆಯವರು ತೀರಿಕೊಂಡ ಮೇಲೆ ಬೆಳಗಿನ ಹೊತ್ತು ಮನೆಯಲ್ಲಿ ಕೂರಲಾಗದೆ ಹೊರಟವರು ನಮ್ಮಲ್ಲಿದ್ದಾರೆ.

ಇದು ಶೋಕಿಯೇ ಎಂದಿಟ್ಟುಕೊಳ್ಳೋಣ. ಸಂತೋಷಕ್ಕೆಂದು ರಸ್ತೆಗಿಳಿದವನ ಮೂಳೆ ಅಗ್ಗವೇ? ನಿಮಿಷಾಂಬ ದೇವಸ್ಥಾನಕ್ಕೆ, ಬೃಂದಾವನಕ್ಕೆ ಕಾರಿನಲ್ಲಿ ಬರುವವರೂ ಸಂತೋಷಕ್ಕೇ ಬರುತ್ತಾರೆ. ಅವರಿಗೆ ರಸ್ತೆ ಮಾಡಬೇಕೇ ಎಂದು ಯಾರೂ ಕೇಳಿಲ್ಲ, ಕೇಳಬಾರದು. ಸೈಕಲ್ಲಿನವನನ್ನು ಮಾತ್ರ ಏಕೆ ಕೇಳಿದಿರಿ?

ಆ ಅಂಚು ನಮ್ಮೊಬ್ಬರದೇ ಅಲ್ಲ. ಬೆಳಿಗ್ಗೆ ಆರಕ್ಕೆ ಡೇರಿಗೆ ಹಾಲಿನ ಕ್ಯಾನ್ ತೂಗುಹಾಕಿಕೊಂಡು ಬರುವವರು ಅಲ್ಲೇ ಬರುತ್ತಾರೆ. ಗದ್ದೆಗೆ ನೀರು ಕಟ್ಟಲು ಗುದ್ದಲಿ ಹಿಡಿದು ಹೋಗುವವರು, ಹಸುವಿಗೆ ಹುಲ್ಲಿನ ಹೊರೆ ಕ್ಯಾರಿಯರ್‌ಗೆ ಬಿಗಿದುಕೊಂಡು ಬರುವ ತಾಯಂದಿರು, ಹೈಸ್ಕೂಲಿನ ಮಕ್ಕಳು, ಎಲ್ಲರೂ ಆ ಎರಡು ಮೊಳ ಮಣ್ಣನ್ನೇ ನಂಬಿದವರು. 2006–07ರಿಂದ ನಮ್ಮ ಸರ್ಕಾರವೇ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಟ್ಟಿತು. ನಮ್ಮ ಹಳ್ಳಿಯ ಎಷ್ಟೋ ಹೆಣ್ಣುಮಕ್ಕಳು ಆ ಸೈಕಲ್ಲಿನಿಂದಲೇ ಪಾಠ ಬಿಡದೆ ಓದಿದರು. ಕೋವಿಡ್ ಬಂದ ಮೇಲೆ ಅದೂ ನಿಂತಿತು. ಸೈಕಲ್ ಕೊಟ್ಟ ಅಷ್ಟೂ ವರ್ಷ ಅದನ್ನು ತುಳಿಯಲು ಜಾಗ ಕೊಡಬೇಕೆಂದು ಯಾರಿಗೂ ಅನಿಸಲಿಲ್ಲವಲ್ಲ, ಆ ಬೇಸರ ನನಗೆ ಇವತ್ತಿಗೂ ಇದೆ.

ಇನ್ನು ನಾಲೆಯ ಮಾತು. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಪಕ್ಕದ ರಸ್ತೆಯಲ್ಲಿ ಅಂಚು ಎಂದರೆ ಏನೆಂದು ಈ ಜಿಲ್ಲೆಗೆ ಹೇಳಿಕೊಡಬೇಕಿಲ್ಲ. 2018ರ ನವೆಂಬರ್ 24ರಂದು ಕನಗನಮರಡಿಯ ಬಳಿ ಖಾಸಗಿ ಬಸ್ಸು ನಾಲೆಗೆ ಬಿದ್ದು 30 ಜನ ಸತ್ತರು, ಅದರಲ್ಲಿ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. 2023ರ ಜುಲೈನಲ್ಲಿ ಗಾಮನಹಳ್ಳಿ ಬಳಿ ಕಾರು ಬಿದ್ದು ನಾಲ್ವರು ಹೆಣ್ಣುಮಕ್ಕಳು ಹೋದರು. ಅದೇ ವರ್ಷದ ನವೆಂಬರ್‌ನಲ್ಲಿ ಬನಘಟ್ಟದ ಬಳಿ ಇನ್ನೊಂದು ಕಾರು, ಐದು ಜನ. ಪ್ರತಿ ಸಲವೂ ದೊಡ್ಡವರು ಬಂದರು, ಪರಿಹಾರ ಹೇಳಿದರು, ತಡೆಗೋಡೆ ಎಂದರು. ಅಷ್ಟು ದೊಡ್ಡ ವಾಹನಗಳೇ ಉಳಿಯದ ಅಂಚಿನಲ್ಲಿ ಸೈಕಲ್ ತುಳಿಯುವವನಿಗೆ ಒಂದು ಕಡೆ ಟಿಪ್ಪರ್, ಇನ್ನೊಂದು ಕಡೆ ನೀರು. ಬಿದ್ದರೆ ಎಲ್ಲಿ ಬೀಳಬೇಕೆಂಬ ಲೆಕ್ಕವನ್ನು ಸೈಕಲ್ ಹತ್ತುವ ಮುಂಚೆಯೇ ಹಾಕಿಕೊಳ್ಳಬೇಕಾದ ರಸ್ತೆ ಅದು. ಅಂಥ ರಸ್ತೆಗೆ ತಾವು ಗ್ರಾವೆಲ್ ಹಾಕಿಸುತ್ತೇನೆ ಎಂದಿರಿ. ಹಾಕಿಸಲಿಲ್ಲ.

ನಾವು ತುಳಿಯುವ ಉಳಿದ ಮೂರು ತಾಲ್ಲೂಕುಗಳಾದ ಶ್ರೀರಂಗಪಟ್ಟಣ, ನಾಗಮಂಗಲ, ಕೆ.ಆರ್. ಪೇಟೆಗಳಲ್ಲಿ ಸುಖ ಇದೆಯೇ ಎಂದರೆ, ಅಲ್ಲೂ ಇಲ್ಲ. ಶ್ರೀರಂಗಪಟ್ಟಣದಲ್ಲಿ ಹೆದ್ದಾರಿ ಕತೆ. 2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಹೆದ್ದಾರಿ ಉದ್ಘಾಟನೆಯಾಯಿತು. ಆಗಸ್ಟ್ 1ರಿಂದ ಅದರ ಮುಖ್ಯ ಪಥಕ್ಕೆ ಬೈಕು, ಆಟೊ, ಟ್ರ್ಯಾಕ್ಟರ್‌ಗಳ ಜೊತೆ ಸೈಕಲ್ಲೂ ಹೋಗುವಂತಿಲ್ಲ ಎಂದಾಯಿತು. ಆ ವೇಗದ ರಸ್ತೆಯಲ್ಲಿ ಸೈಕಲ್ ಬೇಡ ಎಂದದ್ದು ಸರಿಯೇ, ನಾವು ಒಪ್ಪುತ್ತೇವೆ. ಆದರೆ ನಿಷೇಧಿಸಿದ ಎಲ್ಲವನ್ನೂ ಸರ್ವೀಸ್ ರಸ್ತೆಗೆ ತಳ್ಳಿದ ಮೇಲೆ ಅಲ್ಲಿ ನಿಧಾನದವರಿಗೆ ಒಂದು ಗೆರೆಯನ್ನಾದರೂ ಎಳೆಯಬೇಕಿತ್ತಲ್ಲ? ಅಲ್ಲಿ ಎದುರು ದಿಕ್ಕಿನಿಂದ ಕಾರು ಬರುತ್ತದೆ, ಎಡಕ್ಕೆ ಸರಿದರೆ ನಿಂತ ಲಾರಿ, ಅದರ ಪಕ್ಕ ಚರಂಡಿ.

ನಾಗಮಂಗಲದ ಕಡೆ ಸುಗ್ಗಿ ಬಂತೆಂದರೆ ರಾಗಿ ತೆನೆ, ಹುರುಳಿ ಕಡ್ಡಿ ರಸ್ತೆ ಮೇಲೆಯೇ ಹರಡಿರುತ್ತವೆ. ಚಕ್ರಕ್ಕೆ ಸುತ್ತಿಕೊಂಡರೆ ಸೈಕಲ್ ಅಲ್ಲೇ ಕಚ್ಚಿಕೊಂಡು ನಿಲ್ಲುತ್ತದೆ, ಕಾಳಿನ ಮೇಲೆ ಜಾರುತ್ತದೆ. ರೈತರ ಮೇಲೆ ನನಗೆ ಕೋಪವಿಲ್ಲ. ಒಕ್ಕಲು ಕಣ ಇಲ್ಲದವರು ಇನ್ನೆಲ್ಲಿ ಒಕ್ಕಬೇಕು? ಊರಿಗೊಂದು ಸಾರ್ವಜನಿಕ ಕಣ ಮಾಡಿಕೊಟ್ಟಿದ್ದರೆ ಅವರಿಗೆ ಕಾಳು ಉಳಿಯುತ್ತಿತ್ತು, ನಮಗೆ ರಸ್ತೆ ಉಳಿಯುತ್ತಿತ್ತು. ಕೆ.ಆರ್. ಪೇಟೆಯ ದಾರಿಯಲ್ಲಿ ಬಣ್ಣ ಬಳಿಯದ ಹಂಪ್‌ಗಳು ಮಬ್ಬಿನಲ್ಲಿ ಕಾಣುವುದೇ ಇಲ್ಲ. ನಾಲ್ಕೂ ತಾಲ್ಲೂಕಿನಲ್ಲಿ ರಾತ್ರಿಯಿಡೀ ಓಡಾಡುವ ಕಬ್ಬಿನ ಟ್ರೈಲರ್‌ಗಳ ಹಿಂದೆ ದೀಪ ಇರಲಿ, ಒಂದು ಕೆಂಪು ರಿಫ್ಲೆಕ್ಟರ್ ಸ್ಟಿಕ್ಕರ್ ಕೂಡ ಎಷ್ಟೋ ಕಡೆ ಇರುವುದಿಲ್ಲ. ಅದನ್ನು ಅಂಟಿಸಲು ಎಷ್ಟು ಖರ್ಚು?

ಹಣವಿಲ್ಲ, ನಿಯಮವಿಲ್ಲ ಎಂದು ದಯವಿಟ್ಟು ಹೇಳಬೇಡಿ. ಸೈಕಲ್ ಪಥ ಹೇಗಿರಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ 1962ರಲ್ಲೇ ಬರೆದಿಟ್ಟಿದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 198ಎ ಕಲಂ ಪ್ರಕಾರ, ಮಾನದಂಡ ಪಾಲಿಸದ ರಸ್ತೆಯಿಂದ ಜೀವ ಹೋದರೆ ಅಥವಾ ಅಂಗ ಊನವಾದರೆ ಅದಕ್ಕೆ ಹೊಣೆಯಾದ ಪ್ರಾಧಿಕಾರ, ಗುತ್ತಿಗೆದಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ. ಅದೇ ಕಾಯ್ದೆಯ 138(1ಎ) ಕಲಂ ಪಾದಚಾರಿಗಳು ಮತ್ತು ಯಂತ್ರವಿಲ್ಲದ ವಾಹನಗಳ ಬಗ್ಗೆ ರಾಜ್ಯವೇ ನಿಯಮ ಮಾಡಬಹುದೆನ್ನುತ್ತದೆ. ಆರು ತಿಂಗಳಲ್ಲಿ ಮಾಡಿ ಎಂದು ಸುಪ್ರೀಂ ಕೋರ್ಟ್ 2025ರ ಅಕ್ಟೋಬರ್‌ನಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿತು. ಹೊಳೆ ದಾಟಿ ಸ್ವಲ್ಪ ದೂರ ಹೋದರೆ ಮೈಸೂರು. ಅಲ್ಲಿ 2017ರಲ್ಲೇ ಟ್ರಿಣ್ ಟ್ರಿಣ್ ಸೈಕಲ್‌ಗಳನ್ನು ಊರಿನ ಜನಕ್ಕೆ ಬಾಡಿಗೆಗೆ ಬಿಟ್ಟರು. ಅದರ ಮಗ್ಗುಲಲ್ಲಿರುವ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಸೈಕಲ್ಲಿಗೆಂದೇ ಗುರುತು ಮಾಡಿದ ಒಂದು ಫರ್ಲಾಂಗ್ ದಾರಿಯನ್ನೂ ನಾನು ಕಂಡಿಲ್ಲ.

ಅಷ್ಟೆಲ್ಲ ಇದ್ದರೂ ನಾವು ಕೇಳಿದ್ದು ಪಥವಲ್ಲ, ಸೇತುವೆಯಲ್ಲ, ಕೋಟಿ ರೂಪಾಯಿಯಲ್ಲ. ಡಾಂಬರಿನ ಮಟ್ಟಕ್ಕೆ ಮಣ್ಣು. ರಸ್ತೆ ಮಾಡುವ ಗುತ್ತಿಗೆಯಲ್ಲೇ ಇರಬೇಕಾದ ಕೆಲಸ ಅದು. ಇರಲಿಲ್ಲ ಎಂದಾದರೆ ಏಕೆ ಇರಲಿಲ್ಲ? ಇತ್ತು ಎಂದಾದರೆ ಮಾಡದ ಕೆಲಸಕ್ಕೆ ಬಿಲ್ಲಿಗೆ ಸಹಿ ಹಾಕಿದವರು ಯಾರು? ಇದಕ್ಕೆ ಉತ್ತರಿಸುವ ಹೊಣೆ ನಿಮ್ಮದು. ಮೇಷ್ಟ್ರು ಆಸ್ಪತ್ರೆಯಲ್ಲಿದ್ದಾಗ ನಿಮ್ಮ ಕಡೆಯಿಂದ ಒಬ್ಬರೂ ಬಂದು ನೋಡಲಿಲ್ಲ, ಅದನ್ನು ನಾವು ಬಯಸಲೂ ಇಲ್ಲ. ಆದರೆ ಅವರು ಬಿದ್ದ ಜಾಗಕ್ಕಾದರೂ ಒಂದು ಲೋಡ್ ಗ್ರಾವೆಲ್ ಬರುತ್ತದೆಂದು ಕಾದೆವು. ನೀವು ಅದನ್ನೂ ಮಾಡಲಿಲ್ಲ. ನಾಲ್ಕು ಊರಿನ ಜನರೆದುರು ಕೊಟ್ಟ ಮಾತನ್ನು ನಿಮ್ಮ ಕೊಠಡಿಯಲ್ಲಿ ಶೋಕಿ ಎಂದು ಹಾರಿಸಿಬಿಟ್ಟಿರಿ. ನಲವತ್ತು ವರ್ಷ ಈ ತಾಲ್ಲೂಕಿನ ಮಕ್ಕಳಿಗೆ ಪಾಠ ಹೇಳಿದ ಮನುಷ್ಯನನ್ನು ಹಾಗೆ ಅನ್ನುವ ಅಧಿಕಾರವನ್ನು ನಿಮಗೆ ಯಾವ ಹುದ್ದೆಯೂ ಕೊಟ್ಟಿಲ್ಲ.

ಈಗ ಕೇಳುವುದನ್ನು ಸ್ಪಷ್ಟವಾಗಿ ಕೇಳುತ್ತೇನೆ. ಮುಂದಿನ ಸಲ ಕಾರ್ಖಾನೆಗಳು ಕಬ್ಬು ಅರೆಯಲು ಶುರುಮಾಡುವ ಮುಂಚೆ ಆ ರಸ್ತೆಯ ಎರಡೂ ಅಂಚಿಗೆ ಗ್ರಾವೆಲ್ ತುಂಬಿಸಿ, ರೋಲರ್ ಓಡಿಸಿ, ಬಿಳಿ ಪಟ್ಟೆ ಎಳೆಸಿ. ನಾಲೆ ಪಕ್ಕ ತಡೆಗೋಡೆ ಇಲ್ಲದ ಕಡೆಯೆಲ್ಲ ಎಷ್ಟು ದೂರ ಇಲ್ಲ ಎಂದು ಅಳೆಸಿ, ಪಟ್ಟಿಯನ್ನು ಪಂಚಾಯಿತಿ ಕಚೇರಿಗಳ ಗೋಡೆಗೆ ಹಾಕಿಸಿ. ರಿಫ್ಲೆಕ್ಟರ್ ಇಲ್ಲದ ಟ್ರೈಲರ್ ಕಾರ್ಖಾನೆ ಗೇಟಿನೊಳಗೆ ಹೋಗದಂತೆ ನೋಡಿಕೊಳ್ಳಿ. ಇನ್ನು ಮುಂದೆ ಈ ನಾಲ್ಕು ತಾಲ್ಲೂಕುಗಳಲ್ಲಿ ಯಾವ ರಸ್ತೆಗೆ ಹೊಸ ಡಾಂಬರು ಬಿದ್ದರೂ ಅಂಚಿನ ಮಣ್ಣು ಮಟ್ಟವಾಗದೆ ಬಿಲ್ ಪಾಸಾಗಕೂಡದು.

ಹಾಗೆಯೇ, ಮೇಷ್ಟ್ರ ಮನೆಗೆ ಹೋಗಿ ಆ ಮಾತು ತಪ್ಪಾಯಿತು ಎನ್ನಿ. ಅವರು ಕೇಳಿಲ್ಲ, ನಾನು ಕೇಳುತ್ತಿದ್ದೇನೆ.

ಮುಂದಿನ ಕುಂದುಕೊರತೆ ಸಭೆಗೆ ನಾವು ಒಬ್ಬಿಬ್ಬರು ಬರುವುದಿಲ್ಲ. ಹಾಲಿನವರು, ಹುಲ್ಲಿನವರು, ಶಾಲೆ ಮಕ್ಕಳ ತಂದೆತಾಯಂದಿರು, ಎಲ್ಲರೂ ಸೈಕಲ್ಲಿನಲ್ಲೇ ಬರುತ್ತೇವೆ, ಆ ರಸ್ತೆಯಲ್ಲೇ ಬರುತ್ತೇವೆ. ಹಳೇ ಅರ್ಜಿಯ ಪ್ರತಿ ನಮ್ಮ ಕೈಯಲ್ಲಿರುತ್ತದೆ. ಅಷ್ಟರೊಳಗೆ ಗ್ರಾವೆಲ್ ಬಿದ್ದಿದ್ದರೆ ಧನ್ಯವಾದ ಹೇಳಿ ಹೋಗುತ್ತೇವೆ. ಬೀಳದಿದ್ದರೆ ಏಕೆ ಬಿದ್ದಿಲ್ಲ ಎಂದು ನೀವು ಎದ್ದು ನಿಂತು ಹೇಳುವವರೆಗೆ ಅಲ್ಲಿಂದ ಕದಲುವುದಿಲ್ಲ.

ಇತಿ,
ಪಾಂಡವಪುರ ತಾಲ್ಲೂಕಿನ ಒಬ್ಬ ಸೈಕಲ್ ಸವಾರ